ಭರಮು ಸ್ಲ್ಯಾಶ್ ಪಾಳಿ

ಅಥಣಿಯ ತುಕಾರಾಮ ಆ ದಿನ ಮೂರನೆಯ ಸಲ ಫೋನು ಮಾಡಿದಾಗ ಸಾರಿಕಾ ಇನ್ನೂ ರೊಟ್ಟಿಯ ಡಬ್ಬಿ ಬಿಚ್ಚಿರಲಿಲ್ಲ.

"ಸಾರಿಕಾಬಾಯಿ, ನಿಮ್ಮ ಮಷೀನ ನನ್ನ ಒಳಗ ಬಿಡವಲ್ದ್ರಿ."

"ವಿಳಾಸ ಹೆಂಗ ಬರದೀರಿ, ಒಂದ್ಸಲ ಓದ್ರಿ ಕಾಕಾ."

ತುಕಾರಾಮ ಓದಿದ. ಅಥಣಿ ಕಡೆಯ ಒಂದು ಏತ ನೀರಾವರಿ ಸಂಘದಲ್ಲಿ ಮೂವತ್ತೆರಡು ವರ್ಷ ಕಾರಕೂನಿಕೆ ಮಾಡಿದವನು. ಅವನ ಕೈಯಿಂದ ಎಷ್ಟು ಸಾವಿರ ಲಕೋಟೆಗಳು ಹೊರಬಿದ್ದಿದ್ದವೋ ಅವನಿಗೇ ಗೊತ್ತಿಲ್ಲ. ಇದನ್ನೂ ಅವನು ಅದೇ ಕೈಯಲ್ಲೇ ಬರೆದಿದ್ದ. ಮೊದಲು ಕುಮಾರಿ ಸಾರಿಕಾ, ಕೆಳಗೆ ಭರಮು, ಅದರ ಕೆಳಗೆ ಪಾಳಿ, ಆಮೇಲೆ ಮು.ಪೋ. ದಿಗ್ಗೇವಾಡಿ, ತಾ. ರಾಯಬಾಗ, ಕಟ್ಟಕಡೆಗೆ ಮಷೀನಿನ ಹೆಸರು. ಪಿನ್ ಕೋಡನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಸಾರಿಕಾಳಿಗೆ ನಗು ಬಂತು. ಆದರೆ ಅರವತ್ತರ ಹತ್ತಿರದ ಮನುಷ್ಯ ಕಂಪ್ಯೂಟರ್ ಮುಂದೆ ಕುಳಿತು ಮೂರು ದಿನದಿಂದ ಗುದ್ದಾಡುತ್ತಿದ್ದಾನೆ, ನಕ್ಕರೆ ಪಾಪ ತಟ್ಟುತ್ತದೆಂದು ನುಂಗಿಕೊಂಡಳು.

"ಕಾಕಾ, ಇದು ಲಕೋಟಿ ಅಲ್ರಿ. ಇದರಾಗ ಊರ ಮೊದಲ, ಮನಷಾ ಆಮ್ಯಾಲ. ಎಲ್ಲಾಕಿಂತ ಮೊದಲ ಯಾವ ದಾರೀಲೆ ಬರ್ತೀರಿ ಅನ್ನೋದು ಹೇಳಬೇಕು. ಎಚ್‌ಟಿಟಿಪಿ ದಾರೀಲೆ ಬಂದ್ರ ಪಾಸ್‌ವರ್ಡ್ ಕೇಳ್ತೈತಿ. ಎಸ್‌ಎಸ್‌ಎಚ್ ದಾರೀಲೆ ಬಂದ್ರ ನಿಮ್ಮ ಕೀಲಿ ನೋಡಿ ಸುಮ್ನ ಬಿಡ್ತೈತಿ. ನಿಮ್ಮ ಕೀಲಿ ನಾ ಅದಕ್ಕ ತೋರ್ಸೀನಿ, ಎಸ್‌ಎಸ್‌ಎಚ್ ಅಂತ ಬರೀರಿ. ಆಮ್ಯಾಲ ಮಷೀನಿನ ಹೆಸರ, ಅದ ಊರ ಇದ್ದಂಗ. ಅದರ ಮಗ್ಗಲಕ ಬಾಗಲ ನಂಬರ. ಆಮ್ಯಾಲ ಒಂದ ಸ್ಲ್ಯಾಶ್ ಹೊಡದು ಭರಮು. ಇನ್ನೊಂದ ಸ್ಲ್ಯಾಶ್ ಹೊಡದು ಪಾಳಿ. ಕುಮಾರಿ ಗಿಮಾರಿ ಏನೂ ಬ್ಯಾಡ."

"ಮತ್ತ ಮರ್ಯಾದಿ ಕೊಡಬಾರದೇನ್ರಿ?"

"ಅದಕ್ಕ ತಿಳಿಯೂದಿಲ್ರಿ."

"ಊರ ಮೊದಲ, ಮನಷಾ ಆಮ್ಯಾಲ," ಎಂದು ತುಕಾರಾಮ ಗುನುಗಿಕೊಂಡು ಬರೆದುಕೊಂಡ. "ನಮ್ಮ ಮಂದೀನೂ ಹಂಗ ಕೇಳ್ತಾರ ಬಿಡ್ರಿ."

ಅವನು ಹಗುರಾಗಿ ಅಂದ ಮಾತು. ಸಾರಿಕಾ ಹುಟ್ಟಿದಂದಿನಿಂದ ಕೇಳಿಸಿಕೊಂಡ ಪ್ರಶ್ನೆ ಅದೇ ಆಗಿತ್ತು. ಯಾವ ಓಣಿಯವಳು ಎಂದು ಮೊದಲು ಕೇಳುತ್ತಿದ್ದರು. ಹೆಸರು ಕೇಳುವಷ್ಟರಲ್ಲಿ ಎಷ್ಟೋ ಮಂದಿಗೆ ಕೇಳುವ ಉಮೇದೇ ಹೋಗಿರುತ್ತಿತ್ತು.

ಪಾಳಿ ಎಂದರೆ ನೀರಿನ ಸರದಿ. ದಿಗ್ಗೇವಾಡಿಯ ಹೊಳಿಯವ್ವ ಏತ ನೀರಾವರಿ ಸಂಘ ಕೃಷ್ಣೆಯ ನೀರನ್ನು ಮೇಲೆತ್ತಿ, ನಾಲ್ಕು ಮೈಲಿ ಪೈಪಿನಲ್ಲಿ ಹರಿಸಿ, ಮುನ್ನೂರು ಹೊಲಗಳ ಕಬ್ಬಿಗೆ ಕೊಡುತ್ತದೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ತಾಸು ನೀರು ಎಂದು ಗೊತ್ತು ಮಾಡಿ ಅವರವರ ಫೋನಿಗೆ ಸುದ್ದಿ ಕಳಿಸುವ ಪ್ರೋಗ್ರಾಮನ್ನು ಸಾರಿಕಾ ಒಂದೂವರೆ ವರ್ಷ ಕೂತು ಬರೆದಿದ್ದಳು. ಅವಳು ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ಮಿರಜದಿಂದ ತನ್ನದೇ ದುಡ್ಡಿನಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದು, ಸಂಘದ ಖೋಲಿಯ ಮೂಲೆಯಲ್ಲಿಟ್ಟು, ಪ್ರೋಗ್ರಾಮನ್ನು ಅದರಲ್ಲಿ ಕೂಡಿಸಿದ್ದಳು. ವಿಳಾಸ ಗೊತ್ತಿದ್ದು, ಕೀಲಿ ತೋರಿಸಿಟ್ಟವರು ಎಲ್ಲಿಂದ ಬೇಕಾದರೂ ಅದರ ಪೂರ್ತಿ ನಕಲನ್ನು ಇಳಿಸಿಕೊಳ್ಳಬಹುದಿತ್ತು. ಮುಂದೆ ಅವಳು ಏನಾದರೂ ತಿದ್ದಿದರೆ ಅದೂ ಅದೇ ವಿಳಾಸದಲ್ಲಿ ಸಿಗುತ್ತಿತ್ತು. ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಸಂಘಗಳವರೂ ನಮಗೂ ಬೇಕು ಎಂದಿದ್ದರು, ಅವರೆಲ್ಲರ ಕೀಲಿಗಳನ್ನೂ ಅವಳು ಮಷೀನಿಗೆ ತೋರಿಸಿಟ್ಟಿದ್ದಳು. ಬರುವ ಶುಕ್ರವಾರ ಚಿಕ್ಕೋಡಿಯಲ್ಲಿ ಎಲ್ಲರೂ ಕೂಡಿ ನೋಡಿ ತೆಗೆದುಕೊಳ್ಳುವುದೆಂದು ಗೊತ್ತಾಗಿತ್ತು.

ಬರೆದವಳು ಅವಳು. ಆದರೆ ಬರೆದದ್ದೆಲ್ಲ ಅವಳ ಅಪ್ಪ ಭರಮುವಿನದು. ಭರಮು ಆ ಸಂಘದ ಪಾಟಕರಿ. ಪೈಪಿನ ದಾರಿಗುಂಟ ನಡೆದು, ವಾಲ್ ತಿರುವಿ, ಹೊಲಕ್ಕೆ ನೀರು ಬಿಡುವವನು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿ ಅವನಿಗೆ ಯಾವ ಹೊಲ ಎಷ್ಟು ತಾಸಿಗೆ ತೊಯ್ಯುತ್ತದೆ, ಯಾವ ವಾಲ್ ಅರ್ಧ ಮುಚ್ಚಿದರೆ ಮುಂದಿನ ಏರಿಗೆ ನೀರು ಹತ್ತುತ್ತದೆ ಎಂಬುದೆಲ್ಲ ಅಂಗೈಯಲ್ಲಿತ್ತು. ಕೊನೆಯ ಹೊಲದಿಂದ ಶುರು ಮಾಡಿ ಹಿಂದಕ್ಕೆ ಬರಬೇಕು, ಇಲ್ಲದಿದ್ದರೆ ಕೊನೆಯವರಿಗೆ ಗಾಳಿ ಮಾತ್ರ ಸಿಗುತ್ತದೆ ಎಂಬುದು ಅವನ ಮಾತು. ಭಾನುವಾರಗಳಲ್ಲಿ ಸಾರಿಕಾ ವಹಿ ಹಿಡಿದು ಅವನ ಹಿಂದೆ ಅಲೆದು ಎಲ್ಲವನ್ನೂ ಬರೆದುಕೊಂಡಿದ್ದಳು. ಹಾಗಾಗಿ ಇದು ಯಾರ ಹೆಸರಿನಲ್ಲಿರಬೇಕು ಎಂದು ಮಷೀನು ಕೇಳಿದಾಗ ಅವಳು ಎರಡನೆಯ ಯೋಚನೆ ಮಾಡದೆ ಅಪ್ಪನ ಹೆಸರು ಹೊಡೆದಿದ್ದಳು.

ತುಕಾರಾಮನಿಗೆ ಕೊನೆಗೂ ವಿಳಾಸ ಕೂಡಿಬಂತು. ಆ ಖುಷಿಯಲ್ಲಿ ಅವನು ಅದನ್ನು ನಾಲ್ಕೂ ಸಂಘಗಳ ವಾಟ್ಸಾಪ್ ಗುಂಪಿಗೆ ಹಾಕಿ, ಊರು ಮೊದಲು ಮನುಷ್ಯ ಆಮೇಲೆ ಎಂದು ಕೆಳಗೆ ಟಿಪ್ಪಣಿಯನ್ನೂ ಬರೆದ. ಅದನ್ನು ಬಾಪುಸಾಹೇಬರು ಓದಿದರು.

ಬಾಪುಸಾಹೇಬರು ದಿಗ್ಗೇವಾಡಿ ಸಂಘದ ಚೇರಮನ್‌ರು. ಪೈಪು ಹೊಳೆ ಬಿಟ್ಟು ಮೇಲೆ ಬಂದ ಕೂಡಲೇ ಸಿಗುವ ಕಬ್ಬಿನ ಹೊಲಗಳು ಅವರವೇ. ಕೆಟ್ಟ ಮನುಷ್ಯರೆಂದು ಯಾರೂ ಅನ್ನಲಾರರು. ಸಾರಿಕಾಳನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ. ಅದನ್ನು ಅವರು ಮರೆತವರಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ. ಮರುದಿನ ಅವರು ಅವಳನ್ನು ಕರೆಸಿದಾಗ ಪಕ್ಕದಲ್ಲಿ ಅವರ ಅಣ್ಣನ ಮಗ ಮಲ್ಲೇಶ ಕೂತಿದ್ದ. ಅವನು ಕೊಲ್ಲಾಪುರದಲ್ಲಿ ಏಳು ವರ್ಷದಿಂದ ಇಂಜಿನಿಯರಿಂಗ್ ಮಾಡುತ್ತಲೇ ಇದ್ದ.

"ಮಸ್ತ್ ಕೆಲಸ ಮಾಡೀದಿ ಸಾರಿಕಾ. ಚಿಕ್ಕೋಡ್ಯಾಗ ಎಲ್ಲಾರ ಮುಂದ ನಾನ ಹೇಳಾಂವ ಅದೀನಿ," ಎಂದು ಬಾಪುಸಾಹೇಬರು ಫೋನನ್ನು ಅವಳ ಕಡೆ ತಿರುಗಿಸಿದರು. "ಆದ್ರ ಇದೇನಿದು, ಭರಮು?"

"ನಮ್ಮಪ್ಪರಿ."

"ನನಗ ಗೊತ್ತಿಲ್ಲೇನು? ಭರಮ್ಯಾನ ಹೆಸರ ಇದರಾಗ ಯಾಕ ಬಂತು?"

"ಅಪ್ಪಗ ಗೊತ್ತಿದ್ದದ್ದನ್ನ ನಾ ಬರದೀನ್ರಿ, ಅದಕ್ಕ."

"ನಿನ್ನ ಹೆಸರ ಹಾಕ್ಕೋ, ನಾ ಬ್ಯಾಡ ಅನ್ನೂದಿಲ್ಲ. ಸಂಘದ ಹೆಸರ ಹಾಕಿದ್ರ ಇನ್ನೂ ಚೊಲೋ. ಅಲ್ಲಿ ನಾಕೂ ಕಡೀ ಚೇರಮನ್‌ರು ಕುಂತಿರ್ತಾರ. ಈ ಭರಮು ಯಾರ್ರಿ ಅಂತ ಕೇಳ್ತಾರ. ನಮ್ಮಲ್ಲಿ ವಾಲ್ ತಿರುವಾಂವ ಅಂತ ಹೇಳ್ಲೇನು?"

"ಹಂಗ ಹೇಳ್ರಿ."

ಬಾಪುಸಾಹೇಬರು ಮಲ್ಲೇಶನ ಮುಖ ನೋಡಿದರು. ಮಲ್ಲೇಶ ಕುರ್ಚಿಯಲ್ಲಿ ಮುಂದೆ ಬಾಗಿದ. "ಒಂದ ನಿಮಿಷದ ಕೆಲಸ ಕಾಕಾ. ಹೆಸರ ಬದಲ ಮಾಡಿದ್ರ ಹಳೇ ವಿಳಾಸ ಹೊಡದವರನ್ನೂ ಮಷೀನ ತಾನ ಹೊಸಾದಕ್ಕ ಕಳಸ್ತೈತಿ. ಏನೂ ಕೆಡೂದಿಲ್ಲ."

ಅವನು ಹೇಳಿದ್ದು ಖರೆ. ಏಳು ವರ್ಷದಲ್ಲಿ ಅಷ್ಟಾದರೂ ಕಲಿತಿದ್ದ. ಬದಲಾಯಿಸಿದರೆ ಎಲ್ಲ ಕೆಟ್ಟುಹೋಗುತ್ತದೆ ಎಂದು ಸಾರಿಕಾ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಅವಳಿಗೆ ಅದು ಬೇಕಾಗಿರಲಿಲ್ಲ.

"ಬದಲ ಮಾಡಾಕ ಬರ್ತೈತ್ರಿ," ಎಂದಳು. "ನಾ ಮಾಡೂದಿಲ್ಲ."

"ಮಷೀನ ಸಂಘದ ಖೋಲ್ಯಾಗ ಕುಂತೈತಿ, ನೆನಪ ಇರಲಿ."

"ಖೋಲಿ ನಿಮ್ದರಿ, ಮಷೀನ ನಂದು. ತಗೊಂಡ ಹೋಗ್ತೀನಿ."

"ಹಂಗಾರ ಅದರ ಜೋಡಿ ನೀನೂ ಹೋಗು," ಎಂದರು ಬಾಪುಸಾಹೇಬರು. ದನಿ ಏರಿಸಲಿಲ್ಲ. "ಶುಕ್ರವಾರದೊಳಗ ಬುದ್ಧಿ ಬಂದ್ರ ಹೆಸರ ತಗದು ಬಾ. ಕೆಲಸ ಹಂಗ ಇರ್ತೈತಿ."

ಸಾರಿಕಾ ಮೂಲೆಗೆ ಹೋಗಿ ವಾಯರು ಬಿಚ್ಚತೊಡಗಿದಳು. ಅಂಜಿಕೆ ಇರಲಿಲ್ಲ, ಸಿಟ್ಟಿತ್ತು. ಮಲ್ಲೇಶ ಹಿಂದೆಯೇ ಬಂದು, ಒಂದು ನಕಲು ಇಳಿಸಿಕೊಳ್ಳುತ್ತೇನೆ, ಐದು ನಿಮಿಷ ತಡೆ ಎಂದ. ಅವಳು ಬಿಚ್ಚಿದ ವಾಯರನ್ನು ಮತ್ತೆ ಚುಚ್ಚಿದಳು.

"ತಗೋ. ಮಂದಿ ತಗೊಳ್ಳಲಿ ಅಂತನ ಇಟ್ಟೀನಿ."

ಸಂಜೆಯ ಮೊದಲೇ ಕಂಪ್ಯೂಟರ್ ಅವಳ ಮೊಪೆಡ್ಡಿನ ಹಿಂದೆ ಗೋಣಿಚೀಲದಲ್ಲಿ ಕೂತು ಊರ ತುದಿಯ ಭೀಮನಗರಕ್ಕೆ ಬಂತು. ಅವಳು ಅದನ್ನು ಟ್ರಂಕಿನ ಮೇಲಿಟ್ಟು ಒರೆಸುತ್ತಿದ್ದಾಗ ಭರಮು ಪೈಪಿನ ದಾರಿಯಿಂದ ಹಾಗೇ ಬಂದ. ಕಾಲಿನ ಕೆಸರನ್ನೂ ತೊಳೆದಿರಲಿಲ್ಲ. ಸುದ್ದಿ ದಾರಿಯಲ್ಲೇ ಅವನನ್ನು ಮುಟ್ಟಿತ್ತು.

"ಏನ ಮಾಡಿದಿ ಬೇ ಇದು?"

"ಮಷೀನ ಮನೀಗಿ ತಂದೀನಿ."

"ನನ್ನ ಹೆಸರ ಇಲ್ಲೀತನಕ ಯಾರ ಕೇಳ್ಯಾರ? ಕೇಳದವರಿಗೆ ನೀ ಯಾಕ ಹೇಳಾಕ ಹೋದಿ? ತಗದ ಬಿಡು. ತಪ್ಪಾತ್ರಿ ಸಾಹೇಬ್ರ ಅನ್ನು, ಮುಗೀತು."

"ಏನ ತಪ್ಪಾಗೇತಿ?"

"ತಪ್ಪ ಆಗಿರಬೇಕಂತ ಏನೂ ಇಲ್ಲ. ಅಂದ್ರ ಆತು." ಭರಮು ಹೊಸ್ತಿಲ ಮೇಲೆ ಕೂತ. "ನಿಂದ ಹೋತು. ನಾಳೆ ನಂದೂ ಹೋಗತೈತಿ. ಆ ಪೈಪ ಬಿಟ್ರ ನನಗ ಬ್ಯಾರೆ ಏನ ಬರ್ತೈತಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕುತಾಯಿ ಕೈ ನಿಲ್ಲಿಸಲಿಲ್ಲ. ಗಂಡನ ಮುಖವನ್ನೂ ನೋಡಲಿಲ್ಲ.

"ಇಪ್ಪತ್ತೆಂಟ ವರ್ಷ ಪೈಪಿನ ಬೆನ್ನ ಹತ್ತಿ ತಿರಗೀದಿ. ಮಗಳ ಒಂದ ಕಡೆ ಹೆಸರ ಬರದಾಳ. ಅವರ ಅಳಸೂಕಿಂತ ಮೊದಲ ನೀನ ಅಳಸಂತೀದಿ."

ಭರಮು ಎದ್ದು ಹೊರಗೆ ಹೋದ. ಸಾರಿಕಾಳಿಗೆ ಬಾಪುಸಾಹೇಬರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅಪ್ಪನ ಮೇಲೆ ಬಂತು. ಚೇರಮನ್‌ರು ಹೆಸರು ಬೇಡ ಎಂದದ್ದನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಹೆಸರಿನವನೇ ಬೇಡ ಎಂದದ್ದನ್ನು ಹಾಕಿಕೊಳ್ಳಲಾಗಲಿಲ್ಲ. ಆ ಹೊತ್ತಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು.

ಮರುದಿನ ರಾಯಬಾಗದಿಂದ ಕೇಬಲ್ಲಿನ ನಾಮದೇವ ಬಂದು ಲೈನು ಎಳೆದುಕೊಟ್ಟ. ಹೊರಗಿನವರು ಬರಲು ಬಾಗಿಲ ನಂಬರು ಗೊತ್ತು ಮಾಡಿದ್ದಾಯಿತು. ಇನ್ನು ಮಷೀನಿಗೆ ಒಂದು ಹೆಸರು ಬೇಕಿತ್ತು, ವಿಳಾಸದಲ್ಲಿ ಊರಿನ ಜಾಗದಲ್ಲಿ ಬರುವ ಹೆಸರು.

"ಕೃಷ್ಣಾ ಸಾಫ್ಟ್ ಅಂತ ಇಡ್ರಿ," ಎಂದ ನಾಮದೇವ. "ಇಲ್ಲಂದ್ರ ಸಾಯಿ ಟೆಕ್. ಚೊಲೋ ಕೇಳಸ್ತೈತಿ, ಯಾರಿಗೂ ಗೊತ್ತೂ ಆಗೂದಿಲ್ಲ."

"ಏನ ಗೊತ್ತಾಗೂದಿಲ್ಲ?"

ನಾಮದೇವ ಕೈಯಲ್ಲಿದ್ದ ಇಕ್ಕಳ ನೋಡುತ್ತ ನಿಂತ. ರಾಯಬಾಗದಲ್ಲಿ ಅವನ ಮನೆ ಇದ್ದದ್ದೂ ಇಂಥದೇ ಓಣಿಯಲ್ಲಿ.

"ಭೀಮನಗರ ಅಂತ ಹಾಕ್ರಿ," ಎಂದಳು ಸಾರಿಕಾ.

"ಖರೇನ?"

"ಊರ ಮೊದಲ ಹೇಳಬೇಕಂದ್ರ ಇದ್ದ ಊರ ಹೇಳೂದು."

ನಾಮದೇವ ಹಾಕಿದ. ಹಾಕುವಾಗ ಅವನ ಮುಖದಲ್ಲಿ ಸಣ್ಣ ನಗು ಇತ್ತು. ದುಡ್ಡಿನ ಮಾತು ಎತ್ತದೆ ಚಹಾ ಕುಡಿದು ಹೋದ.

ಹೊಸ ವಿಳಾಸವನ್ನು ಅವಳು ಅದೇ ಗುಂಪಿಗೆ ಹಾಕಿದಳು. ಮೊದಲು ಓಣಿ, ಆಮೇಲೆ ಅಪ್ಪ, ಆಮೇಲೆ ಪಾಳಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಹತ್ತು ನಿಮಿಷದಲ್ಲಿ ಮಲ್ಲೇಶನೂ ಒಂದು ವಿಳಾಸ ಹಾಕಿದ. ಸಂಘದ ಕಂಪ್ಯೂಟರಿನಲ್ಲಿ ನಕಲು ಕೂಡಿಸಿ, ಸಂಘದ ಹೆಸರಿಟ್ಟು, ಅಧಿಕೃತ ವಿಳಾಸ ಇದೊಂದೇ ಎಂದು ಬರೆದಿದ್ದ. ಬೆಳಗಾದರೆ ಹೂವು, ಕೈಮುಗಿದ ಚಿತ್ರ, ದೇವರ ಫೋಟೊ ಕಳಿಸುತ್ತಿದ್ದ ಮಂದಿ ಎರಡೂ ವಿಳಾಸ ನೋಡಿ ಬಾಯಿಗೆ ಬೀಗ ಹಾಕಿಕೊಂಡರು.

ಸಾರಿಕಾ ಎರಡು ದಿನ ಫೋನು ನೋಡುತ್ತ ಕಳೆದಳು. ಭೀಮನಗರದ ಬಾಗಿಲಿಗೆ ಯಾರೂ ಬರಲಿಲ್ಲ. ಮಷೀನಿನಲ್ಲಿ ನೋಡಿದರೆ ಕಾಣುತ್ತಿತ್ತು, ಒಬ್ಬರೂ ಬಂದಿರಲಿಲ್ಲ.

ಶುಕ್ರವಾರ ಅವಳು ಬಸ್ಸು ಹಿಡಿದು ಚಿಕ್ಕೋಡಿಗೆ ಹೋದಳು. ಕರೆದವರು ಯಾರೂ ಇರಲಿಲ್ಲ, ಬೇಡ ಅಂದವರೂ ಇರಲಿಲ್ಲ. ಸಭೆಯ ಹಾಲಿನ ಕೊನೆಯ ಸಾಲಿನಲ್ಲಿ ಹೋಗಿ ಕೂತಳು. ಮುಂದೆ ನಾಲ್ಕು ಕಡೆಯ ಚೇರಮನ್‌ರು, ಅವರ ಹಿಂದೆ ಲ್ಯಾಪ್‌ಟಾಪ್ ತೆರೆದುಕೊಂಡ ಆಪರೇಟರುಗಳು. ಆಗ ಬಾಗಿಲಲ್ಲಿ ಅಪ್ಪ ಕಂಡ. ತೋರಿಸಲಿಕ್ಕೆಂದು ಪೈಪಿನ ಒಂದು ದೊಡ್ಡ ವಾಲನ್ನು ಹೊತ್ತು ತರಲು ಬಾಪುಸಾಹೇಬರು ಅವನನ್ನು ಜೀಪಿನಲ್ಲಿ ಕರೆತಂದಿದ್ದರು. ಭರಮು ವಾಲನ್ನು ಮುಂದಿನ ಮೇಜಿನ ಮೇಲಿಟ್ಟು, ಮತ್ತೆ ಬಾಗಿಲಿಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತ. ಮಗಳನ್ನು ನೋಡಿಯೂ ನೋಡದವನಂತೆ ಇದ್ದ. ಖಾಲಿ ಕುರ್ಚಿಗಳು ಎಷ್ಟೋ ಇದ್ದವು.

ಮಲ್ಲೇಶ ಚೆನ್ನಾಗಿಯೇ ಮಾತಾಡಿದ. ನಮ್ಮ ಸಂಘ, ನಮ್ಮ ಚೇರಮನ್‌ರ ದೂರದೃಷ್ಟಿ, ನಮ್ಮ ತಂತ್ರಜ್ಞಾನ ಎಂದು ಅರ್ಧ ತಾಸು ಹೇಳಿ, ಕೊನೆಗೆ ಪರದೆಯ ಮೇಲೆ ವಿಳಾಸ ಮೂಡಿಸಿ, ಎಲ್ಲರೂ ಇದನ್ನು ಹೊಡೆಯಿರಿ ಎಂದ. ಎಲ್ಲರೂ ಹೊಡೆದರು. ಕಾದರು. ಕಾಗವಾಡದವರದು ಬರಲಿಲ್ಲ, ನಿಪ್ಪಾಣಿಯವರದೂ ಬರಲಿಲ್ಲ. ಮಲ್ಲೇಶ ತಾನೇ ಹೊಡೆದು ನೋಡಿದ, ಅವನಿಗೂ ಬರಲಿಲ್ಲ.

"ಆಫೀಸಿನ್ಯಾಗ ಬರ್ತಿತ್ತಲ್ಲ," ಎಂದ ಬೆವರು ಒರೆಸಿಕೊಳ್ಳುತ್ತ.

ಸಾರಿಕಾ ಅದನ್ನು ಮೊದಲ ನೋಟಕ್ಕೇ ಹಿಡಿದಿದ್ದಳು. ಊರಿನ ಜಾಗದಲ್ಲಿ ಅವನು ಹಾಕಿದ್ದು ಸಂಘದ ಖೋಲಿಯ ಒಳಗಷ್ಟೇ ನಡೆಯುವ ನಂಬರು. ಮನೆಯೊಳಗೆ ಅಪ್ಪಾ ಎಂದು ಕೂಗಿದರೆ ಸಾಕು, ಅಪ್ಪ ಬರುತ್ತಾನೆ. ಚಿಕ್ಕೋಡಿಯ ಪೇಟೆಯಲ್ಲಿ ನಿಂತು ಅಪ್ಪಾ ಎಂದರೆ ಯಾರ ಅಪ್ಪ ಬರಬೇಕು? ಅವಳಿಗೆ ಅದನ್ನು ಎದ್ದು ಹೇಳಲು ಬರುತ್ತಿತ್ತು. ಹೇಳಲಿಲ್ಲ. ಕೈ ಕಟ್ಟಿಕೊಂಡು ಕೂತಳು. ಹಾಗೆ ಕೂತದ್ದಕ್ಕೆ ಅವಳಿಗೆ ಎಳ್ಳಷ್ಟೂ ನಾಚಿಕೆ ಆಗಲಿಲ್ಲ.

ಹಾಲಿನಲ್ಲಿ ಗುಜುಗುಜು ಶುರುವಾದಾಗ ತುಕಾರಾಮ ಎದ್ದ. ಕನ್ನಡಕ ಏರಿಸಿ ಫೋನನ್ನು ದೂರ ಹಿಡಿದು ನೋಡಿದ.

"ಇನ್ನೊಂದ ವಿಳಾಸ ಬಂದಿತ್ತಲ್ರಿ ಗುಂಪಿನ್ಯಾಗ. ಅದನ್ನಷ್ಟ ನೋಡಿಬಿಡೂಣು."

ತುಕಾರಾಮ ಕೂತು ಒಂದೊಂದೇ ಅಕ್ಷರ ಹುಡುಕಿ ಹೊಡೆಯತೊಡಗಿದ. ಕಾರಕೂನರ ಚಾಳಿಯಂತೆ ಬಾಯಲ್ಲಿ ದೊಡ್ಡದಾಗಿ ಓದುತ್ತಲೇ ಹೊಡೆದ. "ಎಸ್‌ಎಸ್‌ಎಚ್. ಭೀಮನಗರ. ಬಾಗಲ ನಂಬರ. ಸ್ಲ್ಯಾಶ್, ಭರಮು. ಸ್ಲ್ಯಾಶ್, ಪಾಳಿ." ಆಮೇಲೆ ಗುಂಡಿ ಒತ್ತಿ ಪರದೆಗೆ ಮುಖ ಹಚ್ಚಿದ. ಸಾಲುಗಳು ಒಂದರ ಹಿಂದೆ ಒಂದು ಇಳಿದವು.

"ಬಂತ್ರಿ. ಪೂರಾ ಬಂತು."

ಕಾಗವಾಡದ ಆಪರೇಟರ್ ತನ್ನದರಲ್ಲಿ ಹೊಡೆದ. ನಿಪ್ಪಾಣಿಯವಳೂ ಹೊಡೆದಳು. ಹಾಲಿನ ತುಂಬ ಕೀಲಿಮಣೆಗಳ ಸದ್ದು. ನಾಲ್ಕು ಕಡೆಯ ಮಂದಿ ಒಬ್ಬೊಬ್ಬರಾಗಿ ಭೀಮನಗರ ಹೊಕ್ಕು ಭರಮುವಿನ ಹೆಸರು ಬರೆಯುತ್ತಿದ್ದರು. ಸಾರಿಕಾ ಬಾಗಿಲ ಕಡೆ ನೋಡಿದಳು. ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ.

ತುಕಾರಾಮ ಆಗಲೇ ಒಳಗಿನದನ್ನು ಓದತೊಡಗಿದ್ದ. "ಒಂದ ಮಾತ ಕೇಳೂದೈತ್ರಿ. ಇದರಾಗ ಕೊನೀ ಹೊಲದಿಂದ ನೀರ ಶುರು ಮಾಡ್ರಿ ಅಂತ ಐತಿ. ನಮ್ಮಲ್ಲಿ ಕೊನೀ ಹೊಲಕ್ಕ ನೀರ ಏರೂದ ಇಲ್ಲ, ಮುಂದಿನವರ ಎಳಕೋತಾರ. ಹಿಂಗ ಮಾಡಾಕ ಆ ಮುಂದಿನವರ ಬಿಡ್ತಾರೇನ್ರಿ? ಈ ಭರಮು ಅನ್ನೋರನ್ನ ಕೇಳಬೇಕಿತ್ತು. ಯಾರ್ರಿ ಅವರು?"

ಬಾಪುಸಾಹೇಬರು ನಕ್ಕು ಮಾತನ್ನು ಹಗುರ ಮಾಡಲು ನೋಡಿದರು.

"ಯಾರಂದ್ರ ಏನ್ರಿ, ನಮ್ಮಲ್ಲಿ ವಾಲ್ ತಿರುವಾಂವ. ಅಲ್ಲೇ ನಿಂತಾನ ನೋಡ್ರಿ. ಏ ಭರಮ್ಯಾ, ಬಾರಲೇ ಇಲ್ಲಿ. ಅವರೇನೋ ಕೇಳ್ತಾರ, ಹೇಳು."

ಸಾರಿಕಾ ಅರ್ಧ ಎದ್ದಳು. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಬಾಗಿಲಿಂದ ಅಪ್ಪನ ದನಿ ಬಂತು. ದನಿ ಒಡೆದಿತ್ತು, ಆದರೆ ಹಾಲಿಗೆಲ್ಲ ಕೇಳಿಸಿತು.

"ಅಲ್ಲಿ ಬರದೈತಲ್ರಿ ಸಾಹೇಬ್ರ. ಬರದಂಗ ಕರೀರಿ, ಬರ್ತೀನಿ."

ತುಕಾರಾಮ ಅವಸರದಿಂದ ಎದ್ದು, "ಬರ್ರಿ ಭರಮು ಅವರ, ಬರ್ರಿ," ಎಂದ. ಭರಮು ಅವನಿಗೆ ಕೈ ಮುಗಿದ. ನಿಂತಲ್ಲಿಂದ ಕದಲಲಿಲ್ಲ. ಅವನು ಬಾಪುಸಾಹೇಬರನ್ನೇ ನೋಡುತ್ತಿದ್ದ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ರೆಪ್ಪೆ ಕೆಳಗೆ ಹಾಕದೆ. ಅಪ್ಪನ ಕೆಲಸ ಹೋಯಿತು ಎಂದುಕೊಂಡಳು ಸಾರಿಕಾ, ಹೋದರೆ ಹೋಗಲಿ ಎಂದೂ ಅಂದುಕೊಂಡಳು.

ಬಾಪುಸಾಹೇಬರು ಪಕ್ಕದ ಚೇರಮನ್‌ರ ಮುಖ ನೋಡಿದರು. ಅವರೂ ಕಾಯುತ್ತಿದ್ದರು, ಅವರಿಗೆ ಕೊನೆಯ ಹೊಲದ ಉತ್ತರ ಬೇಕಿತ್ತು. ಬಾಪುಸಾಹೇಬರು ಕೆಮ್ಮಿದರು.

"ಭರಮು," ಎಂದರು. ಸ್ವಲ್ಪ ತಡೆದು, "ಬಾ," ಎಂದರು.

"ಬಂದೆರಿ."

ಭರಮು ಹಾಲಿನ ನಟ್ಟನಡುವೆ ನಡೆದು ಬಂದ. ಮಗಳ ಸಾಲು ದಾಟುವಾಗ ಅವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟ, ಮುಂದೆ ಹೋದ. ಮೇಜಿನ ಹತ್ತಿರ ನಿಂತು ತುಕಾರಾಮನ ಕಡೆ ತಿರುಗಿದ.

"ಮುಂದಿನವರು ಬಿಡ್ತಾರೇನು ಅಂತ ಕೇಳಿದ್ರಲ್ಲ. ಬಿಡೂದಿಲ್ರಿ," ಎಂದ. "ಬಿಡಸಬೇಕಾಗ್ತೈತಿ."

ಆಮೇಲೆ ವಾಲಿನ ಮೇಲೆ ಕೈಯಿಟ್ಟು, ಅದು ಹೇಗೆಂದು ತೋರಿಸತೊಡಗಿದ.